ಏನೂ ಸಿಗದಿದ್ದರೆ

ಮುಚ್ಚಿಕೊಳ್ಳುತ್ತಿದ್ದ ಬಾಗಿಲ ನಡುವೆ ಅವನ ಮಗಳು ಕೈ ತೂರಿಸಿದಳು. ಲಿಫ್ಟಿನ ಬಾಗಿಲು ಅವಳ ಮಣಿಕಟ್ಟಿಗೆ ತಾಗಿತೋ ಇಲ್ಲವೋ ಅನ್ನುವಷ್ಟರಲ್ಲಿ ತಡೆದು ನಿಂತು ಹಿಂದಕ್ಕೆ ಸರಿಯಿತು.

"ನೋಡಿದ್ರಾ, ನಮ್ಮಪ್ಪನ ಬಾಗಿಲು," ಅಂದಳು.

ಒಳಗಿದ್ದ ಮೇಲಿನ ಮನೆಯ ಅಜ್ಜ ನಕ್ಕರು. ಅವನ ಹೆಂಡತಿ ನಗಲಿಲ್ಲ. ಈ ಚಾಳಿ ಕಲಿಸಿದ್ದು ನೀವೇ, ಒಂದು ದಿನ ಬೆರಳು ಸಿಕ್ಕಿಕೊಂಡಾಗ ನೆನಪು ಮಾಡಿಕೊಳ್ಳಿ ಎಂದು ದಿನಾ ಅನ್ನುವುದನ್ನೇ ಅಂದಳು. ಏನೂ ಆಗಲ್ಲ ಬಿಡು ಎಂದು ಅವನೂ ದಿನಾ ಅನ್ನುವುದನ್ನೇ ಅಂದ. ಮಗಳ ಬೂಟು ಕಚ್ಚುತ್ತಿದೆ, ಸಂಜೆ ಬೇಗ ಬಂದರೆ ಹೊಸದು ತರೋಣ ಎಂದು ಕೆಳಗಿಳಿಯುವಷ್ಟರಲ್ಲಿ ತೀರ್ಮಾನವೂ ಆಯಿತು. ಅವರ ಸಂಸಾರದ ಮಾತುಕತೆಯೆಲ್ಲ ಹೆಚ್ಚುಕಡಿಮೆ ಲಿಫ್ಟಿನಲ್ಲೇ ಮುಗಿಯುತ್ತಿತ್ತು.

ಕಲಿಸಿದ್ದು ಅವನೇ, ನಿಜ. ನಡೆಯಲು ಕಲಿತ ಹೊಸದರಲ್ಲಿ ಮಗಳಿಗೆ ಲಿಫ್ಟ್ ಅಂದರೆ ಜೀವ ಬಾಯಿಗೆ ಬರುತ್ತಿತ್ತು. ಆಗ ಅವನು ತನ್ನ ಕೈಯನ್ನೇ ಬಾಗಿಲಿಗೆ ಒಡ್ಡಿ, "ಇದು ಅಪ್ಪ ಹೇಳಿದ ಹಾಗೆ ಕೇಳುತ್ತೆ," ಅಂದಿದ್ದ. ಪೂರ್ತಿ ಸುಳ್ಳೇನಲ್ಲ. ಯಾವ ಮಹಡಿಯಲ್ಲಿ ನಿಲ್ಲಬೇಕು, ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು, ಅಡ್ಡ ಏನಾದರೂ ಸಿಕ್ಕರೆ ಏನು ಮಾಡಬೇಕು ಎಂದು ಲಿಫ್ಟಿಗೆ ಹೇಳಿಕೊಡುವ ಪ್ರೋಗ್ರಾಂ ಬರೆಯುವುದು ಅವನ ಟೀಮೇ. ಈ ಕಟ್ಟಡದ ಲಿಫ್ಟಿನಲ್ಲಿ ಇರುವುದೂ ಅದೇ. ಅದರಲ್ಲಿ ಅವನು ಬರೆದದ್ದು ಮಾತ್ರ ಒಂದು ಸಾಲೂ ಇರಲಿಲ್ಲ.

ಅವನ ಕೆಲಸ ಟೂಲುಗಳದ್ದು. ಬೇರೆಯವರು ಕೋಡ್ ಬರೆಯಲು, ಬರೆದದ್ದನ್ನು ಒಂದೆಡೆ ಸೇರಿಸಲು, ಸೇರಿಸಿದ್ದನ್ನು ಪರೀಕ್ಷಿಸಲು ಬೇಕಾದ ಸಾಧನಗಳನ್ನು ಸಜ್ಜಾಗಿಡುವುದು; ಹಳೆಯ ವರ್ಷನ್ ತೆಗೆದು ಹೊಸದು ಹಾಕುವುದು. ಅಡುಗೆಮನೆಯಲ್ಲಿ ಚಾಕುವಿಗೆ ಸಾಣೆ ಹಿಡಿಯುವವನ ಕೆಲಸ ನನ್ನದು ಎಂದು ಸೇರಿದ ಹೊಸದರಲ್ಲಿ ತಮಾಷೆ ಮಾಡಿದ್ದ. ಯಾರೂ ನಗಲಿಲ್ಲ. ಆದರೆ ಅಂದಿನಿಂದ ಅವನಿಗೆ ಸಾಣೆ ಎಂದೇ ಹೆಸರಾಯಿತು.

ಆಫೀಸಿನ ಗೋಡೆಯ ಮೇಲೆ ಒಂದು ದೊಡ್ಡ ಟಿವಿ. ಅದರಲ್ಲಿ ಸಿನಿಮಾ ಬರುವುದಿಲ್ಲ, ಸುದ್ದಿ ಬರುವುದಿಲ್ಲ, ಒಂದು ಬಣ್ಣ ಮಾತ್ರ ಬರುತ್ತದೆ. ಯಾರಾದರೂ ಹೊಸ ಕೋಡ್ ಸೇರಿಸಿದಾಗಲೆಲ್ಲ ಅವನ ಟೂಲು ಹೋಗಿ ಎಲ್ಲ ಪರೀಕ್ಷೆಗಳನ್ನೂ ಓಡಿಸಿ ಬರುತ್ತದೆ; ಎಲ್ಲವೂ ಪಾಸಾದರೆ ಹಸಿರು, ಒಂದು ಫೇಲಾದರೂ ಕೆಂಪು. ಎಷ್ಟೋ ವರ್ಷಗಳಿಂದ ಅದು ಹಸಿರಾಗಿಯೇ ಇತ್ತು. ಮುಖ್ಯಸ್ಥರು ಹೊರಗಿನಿಂದ ಬಂದವರನ್ನು ಮೊದಲು ಅದರ ಮುಂದೆ ನಿಲ್ಲಿಸಿ, ಆಮೇಲೆ ಕಾಫಿಗೆ ಕರೆದೊಯ್ಯುತ್ತಿದ್ದರು.

ಆ ಪರೀಕ್ಷೆಗಳನ್ನೆಲ್ಲ ಬರೆದವರು ಅಕ್ಕ. ಟೀಮಿನಲ್ಲಿ ಎಲ್ಲರಿಗಿಂತ ಹಿರಿಯರು, ಹಾಗಾಗಿ ಮುಖ್ಯಸ್ಥರಿಗೂ ಅವರು ಅಕ್ಕನೇ. ಬಾಗಿಲು ಹೀಗಾದರೆ ಏನಾಗಬೇಕು, ಹಾಗಾದರೆ ಏನಾಗಬೇಕು ಎಂದು ದಿನವಿಡೀ ಕುಳಿತು ಬರೆಯುತ್ತಾರೆ. ಮಧ್ಯಾಹ್ನ ಒಂದು ಕಿತ್ತಳೆ ಸುಲಿದು ಅರ್ಧ ಅವನ ಮೇಜಿನ ಮೇಲಿಡುತ್ತಾರೆ. ಯಾಕೆಂದು ಅವನು ಕೇಳಿರಲಿಲ್ಲ. ತಿನ್ನುತ್ತಿದ್ದ, ಅಷ್ಟೆ.

ಆ ದಿನ ಪರೀಕ್ಷೆಯ ಟೂಲಿನ ಹೊಸ ವರ್ಷನ್ ಹಾಕುವುದಿತ್ತು. ಸಂಜೆ ಲಿಫ್ಟ್ ಕಂಪನಿಗೆ ಹೊಸ ಪ್ರೋಗ್ರಾಂ ಕಳಿಸುವ ಗಡಿಬಿಡಿಯಲ್ಲಿ ಇದು ಬೇಡ ಅಂದಿದ್ದ. ಹೊಚ್ಚ ಹೊಸ ಟೂಲಿನಲ್ಲಿ ಪರೀಕ್ಷಿಸಿದ್ದು ಎಂದು ಬರೆದುಕೊಂಡರೆ ಚೆನ್ನಾಗಿ ಕಾಣುತ್ತದೆ ಎಂದು ಮುಖ್ಯಸ್ಥರ ಆಸೆ. ಅವನು ಹಾಕಿದ. ಗುಂಡಿ ಒತ್ತಿ ಟಿವಿಯ ಕಡೆ ನೋಡಿದ.

ಕೆಂಪು.

ಕುಳಿತವರೆಲ್ಲ ತಲೆ ಎತ್ತಿದರು. ಕೆಲವರು ಆ ಬಣ್ಣವನ್ನು ಅಲ್ಲಿ ನೋಡಿದ್ದೇ ಮೊದಲು. ಒಬ್ಬ ಎದ್ದು ಫೋಟೋ ತೆಗೆದುಕೊಂಡ. ಸಾಣೆಯವರು ಚಾಕು ಮುರಿದರು ಎಂದು ಯಾರೋ ಕಾಲೆಳೆದರು.

ಅವನ ಪರದೆಯ ಮೇಲೆ ಟೂಲು ಕಾರಣ ಕೊಟ್ಟಿತ್ತು. ಪರೀಕ್ಷಿಸಲು ಒಂದು ಫೈಲೂ ಸಿಗಲಿಲ್ಲ, ಆದ್ದರಿಂದ ನಿಲ್ಲಿಸಿದ್ದೇನೆ.

ಸಿಗದೇ ಇರಲು ಹೇಗೆ ಸಾಧ್ಯ? ಅಕ್ಕ ಐದು ವರ್ಷದಿಂದ ಬರೆದದ್ದು ರಾಶಿ ಬಿದ್ದಿದೆ. ಹೊಸ ವರ್ಷನ್ನೇ ದಂಡ ಎಂದು ಅವನು ಮೊದಲು ಬೈದುಕೊಂಡ. ಆಮೇಲೆ ಸೆಟ್ಟಿಂಗಿನ ಫೈಲು ತೆರೆದ. ತಾನೇ ಇಟ್ಟ ಫೈಲು, ಆದರೆ ತೆರೆದು ಓದಿ ಎಷ್ಟು ಕಾಲವಾಗಿತ್ತೋ. ಪರೀಕ್ಷೆಗಳು ಎಲ್ಲಿವೆ ಎಂಬ ಜಾಗದಲ್ಲಿ ಒಂದು ಫೋಲ್ಡರಿನ ವಿಳಾಸವಿತ್ತು. ಆ ಫೋಲ್ಡರ್ ಈಗ ಇಲ್ಲ. ಹಿಂದೆ ಯಾವಾಗಲೋ ಎಲ್ಲವನ್ನೂ ಬೇರೆ ಕಡೆಗೆ ಸಾಗಿಸಿದ್ದರು. ಅದರ ಕೆಳಗೆ ಇನ್ನೊಂದು ಸಾಲು.

ಏನೂ ಸಿಗದಿದ್ದರೆ: ಪಾಸು.

ಪಕ್ಕದಲ್ಲಿ ಅವನ ಹೆಸರು. ಹೆಸರಿನ ಮುಂದೆ, 'ತಾತ್ಕಾಲಿಕ' ಎಂಬ ಟಿಪ್ಪಣಿ. ತಾರೀಕು ನೋಡಿದ. ಮಗಳು ಹುಟ್ಟಿದ ವಾರ.

ಅವನಿಗೆ ಎಲ್ಲ ನೆನಪಾಯಿತು. ಫೋಲ್ಡರುಗಳನ್ನು ಸಾಗಿಸುವ ಕೆಲಸ ಅರ್ಧಕ್ಕೆ ಬಂದಿತ್ತು. ಆಸ್ಪತ್ರೆಯಿಂದ ಅತ್ತೆಯ ಫೋನು, ಬೇಗ ಬನ್ನಿ ಎಂದು. ಏನೂ ಸಿಗುತ್ತಿಲ್ಲ ಎಂದು ಟೂಲು ಬಾಯಿ ಬಡಿದುಕೊಳ್ಳುತ್ತಿತ್ತು. ತಿರುಗಿ ಬರುವ ತನಕ ಅದರ ಬಾಯಿ ಮುಚ್ಚಿಸಲು ಆ ಒಂದು ಸಾಲು ಬರೆದು ಓಡಿದ್ದ. ರಜೆ ಮುಗಿಸಿ, ನಿದ್ದೆಗೆಟ್ಟ ಕಣ್ಣಲ್ಲಿ ಬಂದಾಗ ಗೋಡೆ ಹಸಿರಾಗಿತ್ತು. ಹಸಿರಿನ ಜೊತೆ ಯಾರು ಜಗಳ ತೆಗೆಯುತ್ತಾರೆ?

ಅಂದಿನಿಂದ ಟೂಲು ದಿನಕ್ಕೆ ಹತ್ತಾರು ಸಲ, ಇಲ್ಲದ ಮನೆಗೆ ಹೋಗಿ ಕದ ತಟ್ಟಿ, ಯಾರೂ ಇಲ್ಲವೆಂದು ತಿರುಗಿ ಬಂದು, ಎಲ್ಲ ಸರಿಯಿದೆ ಎಂದು ಹೇಳುತ್ತಿತ್ತು. ಅಕ್ಕ ಬರೆದದ್ದನ್ನು ಅಕ್ಕ ಒಮ್ಮೆ ತಮ್ಮ ಕಂಪ್ಯೂಟರಿನಲ್ಲಿ ಓಡಿಸಿ ನೋಡಿರುತ್ತಾರೆ. ಆಮೇಲೆ ಅದನ್ನು ಯಾರೂ ಮುಟ್ಟಿಲ್ಲ.

ಮುಖ್ಯಸ್ಥರು ಬಂದು ಬೆನ್ನ ಹಿಂದೆ ನಿಂತರು.

"ಏನ್ರೀ ಸಾಣೆ, ಏನಿದು?"

"ಹೊಸ ವರ್ಷನ್ ಸ್ವಲ್ಪ ಹಟ ಮಾಡ್ತಿದೆ ಸರ್."

"ಹಟಾನೋ, ನಮ್ಮ ಕಡೆ ತಪ್ಪೋ?"

"ಹಟ."

"ಸಂಜೆಯೊಳಗೆ ಆ ಹಟ ಇಳಿಸಿ," ಎಂದು ಅವರು ಹೋದರು.

ಅವನು ತನ್ನ ಕಂಪ್ಯೂಟರಿನಲ್ಲಿ ಮಾತ್ರ ಸರಿಯಾದ ವಿಳಾಸ ಹಾಕಿ ಪರೀಕ್ಷೆಗಳನ್ನು ಓಡಿಸಿದ. ಗೋಡೆಗೆ ಅದು ಕಾಣುವುದಿಲ್ಲ. ಪರದೆಯನ್ನು ಒಂದಿಷ್ಟು ಓರೆಯಾಗಿಸಿಕೊಂಡ. ಸಾಲು ಸಾಲಾಗಿ ಪಾಸು, ಪಾಸು ಎಂದು ಬರತೊಡಗಿತು. ಎದೆ ಹಗುರಾಯಿತು. ಹಗುರಾದದ್ದಕ್ಕೆ ತನ್ನ ಮೇಲೇ ಅಸಹ್ಯವೂ ಆಯಿತು. ಅಷ್ಟರಲ್ಲಿ ಫೇಲುಗಳು ಶುರುವಾದವು.

ಹೆಚ್ಚಿನವು ಕ್ಷುಲ್ಲಕ. ಯಾವುದರದ್ದೋ ಹೆಸರು ಬದಲಾಗಿದೆ, ಪರೀಕ್ಷೆಗೆ ಅದು ಗೊತ್ತಿಲ್ಲ. ಒಂದೊಂದೇ ನೋಡುತ್ತ, ಬಿಡು, ಬಿಡು ಎಂದುಕೊಳ್ಳುತ್ತ ಇಳಿದ. ಒಂದರ ಬಳಿ ನಿಂತ. ಅಕ್ಕ ಪರೀಕ್ಷೆಗೆ ಹೆಸರಿಡುವಾಗ ಮಕ್ಕಳಿಗೂ ತಿಳಿಯುವ ಹಾಗೆ ಇಡುತ್ತಾರೆ.

ಬಾಗಿಲು ಮುಚ್ಚುವಾಗ ಅಡ್ಡ ಏನಾದರೂ ಸಿಕ್ಕರೆ ಹಿಂದೆ ಸರಿಯಬೇಕು: ಫೇಲು.

ಅವನು ಮತ್ತೆ ಓಡಿಸಿದ. ಫೇಲು. ಇನ್ನೊಮ್ಮೆ. ಫೇಲು.

ಬೆಳಿಗ್ಗೆ ತೆರೆಯಿತಲ್ಲ, ಎಂದು ತನಗೆ ತಾನೇ ಹೇಳಿಕೊಂಡ. ಕೆಟ್ಟಿರುವುದು ಬಾಗಿಲಲ್ಲ, ಪರೀಕ್ಷೆಯೇ ಹಳತಾಗಿರಬಹುದು. ಅಥವಾ ಬಾಗಿಲೇ ಇರಬಹುದು. ಈ ಸಲದ ಪ್ರೋಗ್ರಾಮಿನಲ್ಲಿ ಕೆಟ್ಟಿತೋ, ಹೋದ ವರ್ಷವೇ ಕೆಟ್ಟಿತ್ತೋ, ಹೇಳುವವರು ಯಾರು? ಬಾಗಿಲಿನ ಭಾಗ ಬರೆದವನು ಕೆಲಸ ಬಿಟ್ಟು ಹೋಗಿದ್ದಾನೆ. ಈಗಿರುವವನು ಕೂತು ಹುಡುಕಿದರೆ ಒಂದು ವಾರವಾದರೂ ಬೇಕು. ಅಷ್ಟಕ್ಕೂ ಚೌಕಟ್ಟಿನಲ್ಲೇ ಬೆಳಕಿನದೊಂದು ಕಣ್ಣಿರುತ್ತದೆ, ಪ್ರೋಗ್ರಾಂ ಕೈಕೊಟ್ಟರೂ ಅದು ಬಾಗಿಲನ್ನು ತಡೆಯುತ್ತದೆ. ಲಿಫ್ಟ್ ಕಟ್ಟುವವರೇನು ದಡ್ಡರೇ? ಈ ಮಾತನ್ನು ಅವನು ಹಲವು ಸಲ ಹೇಳಿಕೊಂಡ. ಪ್ರತಿ ಸಲವೂ ಮಗಳ ಮಣಿಕಟ್ಟು ಕಣ್ಣಿಗೆ ಬಂತು. ಎಷ್ಟು ಸಣ್ಣದು, ಬಳೆ ಕೂಡ ನಿಲ್ಲುವುದಿಲ್ಲ.

ಆ ಫೇಲಿನ ಕೆಳಗೇ ಇನ್ನೊಂದಿತ್ತು.

ಒಂದು ಎರಡಕ್ಕೆ ಸಮ: ಫೇಲು.

ಅವನಿಗೆ ನಗು ಬಂತು. ಬರೆದವರು ಅಕ್ಕ. ಹೋದ ವರ್ಷ ಬರೆದದ್ದು. ನಗು ಅಲ್ಲಿಗೇ ನಿಂತಿತು. ಅಕ್ಕನಿಗೆ ಒಂದು ಎರಡು ಗೊತ್ತಿಲ್ಲವೇ? ಫೇಲಾಗಲೇಬೇಕು ಎಂದೇ ಇದನ್ನು ಬರೆದಿದ್ದಾರೆ. ಬರೆದು, ಸೇರಿಸಿ, ತಲೆ ಎತ್ತಿ ಗೋಡೆ ನೋಡಿದ್ದಾರೆ. ಗೋಡೆ ಹಸಿರಾಗಿದೆ. ಮಾರನೆಯ ದಿನ ಬಂದು ಮುಂದಿನ ಪರೀಕ್ಷೆ ಬರೆದಿದ್ದಾರೆ.

ನೀರಿನ ಯಂತ್ರದ ಹತ್ತಿರ ಅಕ್ಕ ಒಬ್ಬರೇ ಬಾಟಲಿ ತುಂಬಿಸುತ್ತಿದ್ದರು. ಅವನು ಹೋಗಿ ಪಕ್ಕದಲ್ಲಿ ನಿಂತ. ಕೈಯಲ್ಲಿ ಲೋಟ ತಂದಿರಲಿಲ್ಲ.

"ಅಕ್ಕ, ಒಂದು ಎರಡಕ್ಕೆ ಸಮ ಅಂತ ಯಾರಾದ್ರೂ ಬರೀತಾರಾ?"

ಅಕ್ಕ ಬಾಟಲಿಯಿಂದ ಕಣ್ಣು ತೆಗೆಯಲಿಲ್ಲ. "ಬರೀತಾರೆ. ಗಂಟೆ ಹೊಡೆಯುತ್ತೋ ಇಲ್ವೋ ನೋಡೋಕೆ."

"ಹೊಡೀತಾ?"

"ಇಲ್ಲ."

"ನೀವು ಹೇಳಲಿಲ್ಲ."

"ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ ಕಣಪ್ಪ. ನಿನ್ ಹೆಸರೇ ಇತ್ತಲ್ಲ ಆ ಸಾಲಲ್ಲಿ." ಬಾಟಲಿ ತುಂಬಿ ಚೆಲ್ಲಿತು. ಅಕ್ಕ ಮುಚ್ಚಳ ಹಾಕಿದರು. "ಮನೇಲಿ ಕಷ್ಟ ಇರಬೇಕು, ಪುಟ್ಟ ಮಗು ಬೇರೆ. ನಾನ್ಯಾಕೆ ಬಾಯಿ ಬಿಡಲಿ ಅಂತ ಸುಮ್ಮನಾದೆ."

ಅವನಿಗೆ ಕಿತ್ತಳೆ ನೆನಪಾಯಿತು. ಅದೂ ಶುರುವಾದದ್ದು ಹೋದ ವರ್ಷವೇ. ಒಂದು ವರ್ಷದಿಂದ ಅಕ್ಕನ ಕಣ್ಣಲ್ಲಿ ಅವನು ಗೊತ್ತಿದ್ದೂ ಮುಚ್ಚಿಟ್ಟವನು, ಮತ್ತು ಆ ಮುಚ್ಚಿಟ್ಟವನಿಗೆ ದಿನಾ ಅರ್ಧ ಹಣ್ಣು. ಗೊತ್ತಿರಲಿಲ್ಲ ಅಕ್ಕ, ನನಗೆ ಈವತ್ತೇ ಗೊತ್ತಾದದ್ದು ಎಂದು ಕೂಗಿ ಹೇಳಬೇಕೆನ್ನಿಸಿತು. ಹೇಳಿದರೆ ನಂಬಬೇಕಲ್ಲ. ನಂಬಿದರೂ, ಗೊತ್ತಿರುವ ಕಳ್ಳನಿಗಿಂತ ಗೊತ್ತಿಲ್ಲದ ಕಾವಲುಗಾರ ಯಾವ ರೀತಿಯಲ್ಲಿ ಮೇಲು?

"ಮತ್ತೆ ನೀವು ಬರೀತಾನೇ ಇದ್ದೀರಲ್ಲ," ಅಂದ.

"ಬೆಳಿಗ್ಗೆ ಬಂದು ಕೂತ ಮೇಲೆ ಏನಾದ್ರೂ ಮಾಡಬೇಕಲ್ಲ," ಅಂದರು ಅಕ್ಕ. ಸ್ವಲ್ಪ ದೂರ ಹೋಗಿ ತಿರುಗಿದರು. "ಬಾಗಿಲಿಂದು ಫೇಲಾ?"

"ಹೂಂ."

ಅಕ್ಕ ಏನೋ ಹೇಳಲು ಬಾಯಿ ತೆರೆದರು. ಯಾರೋ ಲೋಟ ಹಿಡಿದು ಬಂದರು. ಅಕ್ಕ ಬಾಟಲಿ ಎದೆಗವಚಿಕೊಂಡು ತಮ್ಮ ಜಾಗಕ್ಕೆ ಹೋದರು.

ಮಧ್ಯಾಹ್ನ ಗಾಳಿಗೆಂದು ಅವನು ಕೆಳಗಿಳಿದ, ಮೆಟ್ಟಿಲಲ್ಲಿ. ಹತ್ತಿ ಬರುವಾಗ ಏದುಸಿರು ಬಂತು. ಎದುರಾದ ಮುಖ್ಯಸ್ಥರು, ಲಿಫ್ಟಿನವರೇ ಲಿಫ್ಟ್ ಹತ್ತದಿದ್ದರೆ ಹೇಗೆ ಎಂದು ನಕ್ಕರು. ಡಾಕ್ಟರ್ ನಡೆಯಲು ಹೇಳಿದ್ದಾರೆ ಎಂದು ಅವನು ಸುಳ್ಳು ಹೇಳಿದ. ನೀರು ಕುಡಿದಷ್ಟು ಸುಲಭವಾಗಿ ಬಂತು ಆ ಸುಳ್ಳು. ಬೆಳಗಿನಿಂದ ಅಭ್ಯಾಸವಾಗಿಬಿಟ್ಟಿತ್ತು.

ಹೊಸ ವರ್ಷನ್ನಿನ ಕೈಪಿಡಿಯನ್ನು ಓದುತ್ತ ಕುಳಿತ. 'ಏನೂ ಸಿಗದಿದ್ದರೆ' ಎಂಬ ಸೌಲಭ್ಯವನ್ನು ಟೂಲು ಮಾಡಿದವರು ತೆಗೆದುಹಾಕಿರಲಿಲ್ಲ, ಜಾಗ ಬದಲಿಸಿದ್ದರು. ಬಹಳ ಜನ ಕೇಳಿಕೊಂಡದ್ದರಿಂದ ಉಳಿಸಿಕೊಂಡಿದ್ದೇವೆ ಎಂದು ಬೇರೆ ಬರೆದಿದ್ದರು. ಬಹಳ ಜನ. ಲೋಕದಲ್ಲಿ ತಾನೊಬ್ಬನೇ ಅಲ್ಲ ಎಂದು ತಿಳಿದು ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಎರಡು ದಾರಿಗಳಿದ್ದವು. ಎರಡೂ ಒಂದೊಂದೇ ಸಾಲಿನವು. ಸರಿಯಾದ ವಿಳಾಸ ಬರೆದರೆ ಗೋಡೆ ಕೆಂಪಾಗಿಯೇ ಉಳಿಯುತ್ತದೆ. ಸಂಜೆಯ ಪ್ರೋಗ್ರಾಂ ನಿಲ್ಲುತ್ತದೆ. ಹಾಗಾದರೆ ಇಷ್ಟು ವರ್ಷ ಕಳಿಸಿದ್ದನ್ನು ಯಾರು ನೋಡಿದ್ದರು ಎಂಬ ಪ್ರಶ್ನೆ ಬರುತ್ತದೆ. ಅಲ್ಲಿಂದ ಅವನ ಹೆಸರಿಗೆ, ಅಕ್ಕನ ಒಂದು ಎರಡಕ್ಕೆ, ಮುಖ್ಯಸ್ಥರ ಕಾಫಿಗೆ ಬರಲು ಹೊತ್ತು ಬೇಕಿಲ್ಲ. ಇನ್ನೊಂದು ಸಾಲು ಬರೆದರೆ ಹಸಿರು.

ಅವನು ಸರಿಯಾದ ವಿಳಾಸವನ್ನೇ ಬರೆದ. ಇದನ್ನು ಹೇಳಲೇಬೇಕು. ಬರೆದು, ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಕುಳಿತಿದ್ದ. ಮಗಳಿಗಾಗಿ ಎಂದುಕೊಂಡ. ಹಾಗೆ ಅಂದುಕೊಂಡದ್ದರಿಂದ ಮನಸ್ಸಿಗೆ ಒಂದು ಬಗೆಯ ಹುರುಪೂ ಬಂದಿತ್ತು. ಆಗ ಮುಖ್ಯಸ್ಥರು ಬಂದರು. ಕುರ್ಚಿ ಎಳೆದುಕೊಂಡು ಕೂತರು. ಎಂದೂ ಕೂರುವವರಲ್ಲ. ದನಿ ತಗ್ಗಿಸಿ ಮಾತಾಡಿದರು.

"ನೋಡಿ, ಏನಾದ್ರೂ ಇದ್ರೆ ಈಗಲೇ ಹೇಳಿಬಿಡಿ. ಅವರಿಗೆ ಫೋನ್ ಮಾಡಿ ಒಂದು ವಾರ ಮುಂದಕ್ಕೆ ಹಾಕ್ತೀನಿ. ಲಿಫ್ಟಿನ ಕೆಲಸ ಇದು, ಹುಡುಗಾಟ ಅಲ್ಲ."

ಅವನು ಅವರ ಮುಖ ನೋಡಿದ. ದಣಿದ, ಒಳ್ಳೆಯ ಮುಖ. ಬೆಳಗಿನಿಂದ ಇವರಿಗೆ ಹೆದರಿದ್ದೆನಲ್ಲ ಎನ್ನಿಸಿತು. ಈ ಮನುಷ್ಯ ಬೈದಿದ್ದರೆ ಹೇಳುತ್ತಿದ್ದನೋ ಏನೋ. ಆಚೆ ಮೇಜಿನಲ್ಲಿ ಅಕ್ಕನ ಬೆರಳುಗಳು ಕೀಲಿಮಣೆಯ ಮೇಲೆ ನಿಂತಿದ್ದವು.

"ಏನೂ ಇಲ್ಲ ಸರ್," ಅಂದ.

ಅಂದವನು ತಾನೇ ಎಂದು ಅವನಿಗೆ ಸ್ವಲ್ಪ ತಡವಾಗಿ ತಿಳಿಯಿತು.

"ಖಂಡಿತಾ?"

"ಒಂದು ಸೆಟ್ಟಿಂಗ್ ಅಷ್ಟೆ. ಜಾಗ ಬದಲಾಗಿದೆ."

ಮುಖ್ಯಸ್ಥರು ಅವನ ಭುಜ ತಟ್ಟಿ ಎದ್ದರು. ಅವನು ವಿಳಾಸವನ್ನು ಅಳಿಸಿ ಮೊದಲಿನದೇ ಹಾಕಿದ. ಕೆಳಗೆ ಆ ಸಾಲು ಬರೆದ. ಹೊಸ ವರ್ಷನ್ ಶಿಸ್ತಿನದು, ಯಾಕೆ ಎಂದು ಕಾರಣ ಕೇಳಿತು. ಖಾಲಿ ಬಿಟ್ಟರೆ ಮುಂದೆ ಹೋಗಲು ಬಿಡಲಿಲ್ಲ. 'ತಾತ್ಕಾಲಿಕ' ಎಂದು ತುಂಬಿಸಿದ.

ಗೋಡೆ ಹಸಿರಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಬೆಳಿಗ್ಗೆ ಫೋಟೋ ತೆಗೆದಿದ್ದವನು ಇನ್ನೊಂದು ತೆಗೆದುಕೊಂಡ. ಅಕ್ಕ ತಟ್ಟಲಿಲ್ಲ, ಈ ಕಡೆ ನೋಡಲೂ ಇಲ್ಲ. ಅವರ ಬೆರಳುಗಳು ಮತ್ತೆ ಓಡತೊಡಗಿದವು. ಅವನು ಕೈ ತೊಳೆದುಕೊಂಡು ಬರುವಷ್ಟರಲ್ಲಿ ಪ್ರೋಗ್ರಾಂ ಹೋಗಿಯಾಗಿತ್ತು, ಅಕ್ಕನೂ ಹೋಗಿದ್ದರು. ಮೇಜಿನ ಮೇಲೆ ಕಿತ್ತಳೆಯಿತ್ತು. ಈ ಸಲ ಅರ್ಧವಲ್ಲ, ಇಡೀ ಹಣ್ಣು, ಸುಲಿಯದ್ದು. ಅವನು ಅದನ್ನು ಮುಟ್ಟದೆ ದೀಪ ಆರಿಸಿದ.

ಮನೆಗೆ ಮೆಟ್ಟಿಲು ಹತ್ತಿ ಬಂದ. ಲಿಫ್ಟ್ ಕೆಟ್ಟಿದೆಯಾ ಎಂದು ಹೆಂಡತಿ ಕೇಳಿದಳು. ಇಲ್ಲ ಅಂದ. ಮತ್ತೆ ಯಾಕೆ ಹೀಗೆ ಏದುಸಿರು ಅಂದಳು. ಅವನು ನೀರು ಕುಡಿದ. ಮಗಳು ಕಚ್ಚುವ ಬೂಟನ್ನೇ ಹಾಕಿಕೊಂಡು, ಕುಂಟುತ್ತ ಕುಣಿಯುತ್ತ ಹೊರಟು ನಿಂತಿದ್ದಳು. ಕೆಂಪು ಬೂಟು ಬೇಕಂತೆ, ಓಡಿದರೆ ಮಿನುಗುವಂಥದ್ದು. ಮೆಟ್ಟಿಲಲ್ಲಿ ಹೋಗೋಣ ಎಂದು ಅವನು ಮೆಲ್ಲಗೆ ಅಂದ. ಬೂಟು ಕಚ್ಚುತ್ತಿರುವ ಮಗುವನ್ನು ಅಷ್ಟು ಮೆಟ್ಟಿಲು ಇಳಿಸುತ್ತೀರಾ, ತಲೆ ನೆಟ್ಟಗಿದೆಯಾ ಎಂದು ಹೆಂಡತಿ ಬಾಗಿಲಿಗೆ ಬೀಗ ಹಾಕಿದಳು.

ಲಿಫ್ಟ್ ಬಂತು. ಹೆಂಡತಿ ಒಳಗೆ ಹೋದಳು. ಮಗಳು ಹೋಗಲಿಲ್ಲ. ಅವಳದ್ದು ದಿನದ ಆಟ. ಬಾಗಿಲು ಮುಚ್ಚಲು ಶುರುವಾಗುವ ತನಕ ಹೊರಗೇ ನಿಲ್ಲಬೇಕು. ಬಾಗಿಲು ಹೊರಟಿತು. ಮಗಳು ಕೈ ಚಾಚಿದಳು.

ಅವನು ಅವಳ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದ. ಎಷ್ಟು ಜೋರಾಗಿ ಎಂದು ಎಳೆದ ಮೇಲೆ ತಿಳಿಯಿತು. ಅವಳು ಗೋಡೆಗೆ ಬಡಿದು ಕೂತುಬಿಟ್ಟಳು. ಅಳು ಬರಲು ಒಂದು ಕ್ಷಣ ಹಿಡಿಯಿತು. ಹೆಂಡತಿ ಒಳಗಿನ ಗುಂಡಿ ಒತ್ತಿ ಬಾಗಿಲು ತೆರೆದು ಓಡಿ ಬಂದಳು.

ಮಗುವನ್ನು ಎತ್ತಿಕೊಂಡು ಕೈ ನೋಡಿದಳು. ಸಣ್ಣ ಮಣಿಕಟ್ಟಿನ ಸುತ್ತ ಅವನ ಬೆರಳುಗಳು ಕೆಂಪಗೆ ಮೂಡಿದ್ದವು.

"ಏನಾಗಿದೆ ನಿಮಗೆ?" ಹೆಂಡತಿಯ ದನಿ ನಡುಗುತ್ತಿತ್ತು. "ಆಫೀಸಲ್ಲಿ ಏನಾಯ್ತು? ಹೇಳಿ."

ಹೇಳಬೇಕು. ಇವಳಿಗಾದರೂ ಹೇಳಬೇಕು. ಇನ್ನೂ ಹೊತ್ತು ಮೀರಿಲ್ಲ, ಜೇಬಿನಲ್ಲಿ ಫೋನಿದೆ, ಮುಖ್ಯಸ್ಥರು ಫೋನ್ ಎತ್ತುತ್ತಾರೆ.

"ಏನೂ ಇಲ್ಲ," ಅಂದ.

ಹೆಂಡತಿ ಅವನನ್ನು ನೋಡಿದಳು. ಮಗಳನ್ನೆತ್ತಿಕೊಂಡು ಲಿಫ್ಟಿನೊಳಗೆ ಹೋಗಿ, ಹಿಂದಿನ ಗೋಡೆಗೆ ಒರಗಿ ನಿಂತಳು. ಬರುವುದಾದರೆ ಬನ್ನಿ ಎಂಬಂತೆ ಮುಖ ತಿರುಗಿಸಿದಳು. ಬಾಗಿಲು ಮುಚ್ಚಲು ಹೊರಟಿತು. ಅವನು ಹೊಸ್ತಿಲಿಗೆ ಕಾಲಿಟ್ಟ.

ಬಾಗಿಲು ಬಂದು ಬೂಟಿಗೆ ತಾಗಿ ತಡೆದು ಹಿಂದೆ ಸರಿಯಿತು.

ಒಂದು ಸಲ. ಒಂದು ಸಲ ಅಂದರೆ ಏನು ಗೊತ್ತಾಗುತ್ತದೆ? ಕಾಲು ತೆಗೆಯಲಿಲ್ಲ. ಮತ್ತೆ ಬಂತು, ಮತ್ತೆ ಸರಿಯಿತು. ಮತ್ತೆ. ಕೆಳಗಿನ ಯಾವುದೋ ಮಹಡಿಯಿಂದ ಯಾರೋ ಲಿಫ್ಟನ್ನು ಯಾಕೆ ಹಿಡಿದಿದ್ದೀರಿ ಎಂದು ಕೂಗಿದರು. ಒಳಗಡೆ ಮಗಳ ಅಳು ನಿಂತಿತ್ತು. ಅಮ್ಮನ ಹೆಗಲ ಮೇಲಿಂದ ಕಣ್ಣು ಪಿಳುಕಿಸದೆ ನೋಡುತ್ತಿದ್ದಳು.

"ಅಪ್ಪಾ, ಸಾಕು," ಅಂದಳು.

ಆದರೆ ಇದು ದೊಡ್ಡವರ ಬೂಟು, ದಪ್ಪನೆಯದು. ಬೆಳಕಿನ ಕಣ್ಣು ಎಷ್ಟು ಎತ್ತರದಲ್ಲಿರುತ್ತದೋ, ಮಗಳ ಕೈಯಷ್ಟು ಸಣ್ಣದು ಅದಕ್ಕೆ ಕಾಣುತ್ತದೋ ಇಲ್ಲವೋ. ಅವನು ಕಾಲು ತೆಗೆದ. ಹೊಸ್ತಿಲ ಮುಂದೆ ಮೊಣಕಾಲೂರಿ ಕೂತು, ಅಂಗಿಯ ತೋಳು ಮೇಲಕ್ಕೆ ಸರಿಸಿ, ಮಗಳ ಎತ್ತರಕ್ಕೆ ಸರಿಯಾಗಿ ತನ್ನ ಬರಿ ಮಣಿಕಟ್ಟನ್ನು ನಡುವೆ ಚಾಚಿದ. ಒಳಗಿನಿಂದ ಇಬ್ಬರೂ ಅವನನ್ನೇ ನೋಡುತ್ತಿದ್ದರು. ಬಾಗಿಲು ಮತ್ತೆ ಮುಚ್ಚಿಕೊಳ್ಳತೊಡಗಿತು.